ಹತ್ತು ಮೀಟರಿನೊಳಗೆ

ಫೋನಿನ ಬಾಯಿಗೆ ಉಪ್ಪು ಹಿಡಿದಿದೆ.
ಪೋರ್ತಾಲೆಸ್ ದಕ್ಕೆಯಲ್ಲಿ ಎಲ್ಲಕ್ಕೂ ಹಿಡಿಯುತ್ತದೆ,
ತಕ್ಕಡಿಯ ಸರಪಳಿಗೆ, ಬೀಗಕ್ಕೆ, ನನ್ನ ಮೊಣಕೈಗೆ.
ವೈರು ಒಳಗೇನೋ ಹೋಗುತ್ತದೆ, ಕಚ್ಚುವುದಿಲ್ಲ.
ಚಾರ್ಜು ಮಾಡುವುದು ಒಂದು ಬಿಲ್ಲೆಯ ಮೇಲೆ ಅಂಗಾತ ಮಲಗಿಸಿ,
ಜ್ವರದ ಕೂಸನ್ನು ಮಲಗಿಸಿದ ಹಾಗೆ.

ಒಳಗೆ ನಲವತ್ಮೂರು ಚೀಟಿಗಳ ಪಟ:
ಯಾವ ದೋಣಿ, ಎಷ್ಟು ಕಿಲೋ ಮೆರ್ಲುಸಾ, ಯಾರಿಗೆ ಎಷ್ಟು ಬಾಕಿ.
ಸೋಮವಾರ ಎಂಟಕ್ಕೆ ಸಂಘದ ಲೆಕ್ಕ.
ನೆಟ್ಟಿನ ಬಿಲ್ಲು ಕಟ್ಟಿಲ್ಲ, ಅದರ ಮಾತು ಬೇಡ.
ಲ್ಯಾಪ್‌ಟಾಪ್ ಒಂದು ಮೊಳ ದೂರದಲ್ಲಿ ಕೂತಿದೆ
ಮುನಿಸಿಕೊಂಡ ನಾದಿನಿಯಂತೆ.

ಬ್ಲೂಟೂತ್ ಆರಿಸಿದೆ, ಹಚ್ಚಿದೆ.
ಎರಡನ್ನೂ ಮಲಗಿಸಿ ಎಬ್ಬಿಸಿದೆ.
ಅಡ್ಡ ಬರುತ್ತದಂತೆ ಎಂದು ಮೈಕ್ರೋವೇವಿನ ಪ್ಲಗ್ಗೂ ಕಿತ್ತೆ.
ಹುಡುಕುತ್ತಿದ್ದೇನೆ, ಎಂದಿತು. ಸಿಕ್ಕಿತು, ಎಂದಿತು.
ಜೋಡಿಸಲಾಗಲಿಲ್ಲ,
ದಯವಿಟ್ಟು ಮತ್ತೆ ಪ್ರಯತ್ನಿಸಿ.

ದಕ್ಕೆಯ ಹುಡುಗ ಯೆರ್ಕೊ ಹೇಳಿದ್ದ:
ಒಂದರಲ್ಲಿ ಹಳೆಯ ಗುರುತು ಅಳಿಸಿ
ಇನ್ನೊಂದರಲ್ಲಿ ಉಳಿಸಿಕೊಂಡರೆ
ತಲೆಕೆಳಗಾಗಿ ನಿಂತರೂ ಕೂಡವು, ಅಕ್ಕ.
ಎರಡೂ ಕಡೆ ಮರೆಯಬೇಕು.
ಇದರಲ್ಲಿ ಒತ್ತಿದೆ, ‘ಈ ಸಾಧನವನ್ನು ಮರೆತುಬಿಡು.’
ಅದರಲ್ಲೂ ಒತ್ತಿದೆ.
ಆರು ವರ್ಷ ಒಂದೇ ಮೇಜಿನ ಮೇಲಿದ್ದವು
ಗುರುತೇ ಇಲ್ಲದವುಗಳ ಹಾಗೆ ಕೂತವು.

ವಾಲ್ಪರೈಸೊದ ಈ ಗುಡ್ಡದಲ್ಲಿ ಮನೆಗಳು
ಒಂದರ ಹೆಗಲ ಮೇಲೆ ಒಂದು ಕಾಲಿಟ್ಟು ನಿಂತಿವೆ.
ಹತ್ತು ಮೀಟರಿನೊಳಗೆ ಯಾರ್ಯಾರು, ಪಟ್ಟಿ ಬಂತು:
ಗೋಡೆಯಾಚೆಯ ಟಿವಿ;
ಯಾರದೋ ಕಿವಿ, ಬಲಗಿವಿ ಮಾತ್ರ;
ಒಂದು ತೂಕದ ಯಂತ್ರ
(ಈ ಕಟ್ಟಡದಲ್ಲಿ ತೂಕ ನೋಡಿಕೊಳ್ಳುವವರೂ ಇದ್ದಾರೆಯೇ!);
ಮತ್ತೆ, ‘ಮನೆ’.
ಲ್ಯಾಪ್‌ಟಾಪಿಗೆ ಆ ಹೆಸರಿಟ್ಟವಳು ನಾನೇ,
ಕೊಂಡ ದಿನ, ಬೇರೇನೂ ಹೊಳೆಯದೆ.

ಆರು ಅಂಕಿ ಮೂಡಿದವು. ‘ಅಲ್ಲಿಯೂ ಇವೇ ಇವೆಯೇ?’
ಅಲ್ಲಿ ಏನೂ ಇರಲಿಲ್ಲ.
ರಾತ್ರಿ ಹನ್ನೊಂದೂವರೆ. ಹೌದು, ಎಂದು ಒತ್ತಿದೆ.
ಎಷ್ಟು ಹೌದುಗಳನ್ನು ಹೀಗೇ ಒತ್ತಿದ್ದೇನೋ.

ಪಟಗಳು ಹೊರಟವು. ಒಂದು. ಏಳು. ಇಪ್ಪತ್ತು.
ನಲವತ್ಮೂರೂ ತಲುಪಿದವು, ಎಂದಿತು ಫೋನು.
ಲ್ಯಾಪ್‌ಟಾಪಿನ ಹೊಟ್ಟೆ ಖಾಲಿ.

ಆಗ ನೆಲದ ಕೆಳಗಿನಿಂದ ಪೊರಕೆಯ ಹಿಡಿ:
ಟಕ್, ಟಕ್, ಟಕ್.

ಎದುವಿನಾ.
ನನ್ನ ಬಟ್ಟೆ ಯಂತ್ರದ ನೀರು ಅವಳ ಸೂರಿಗಿಳಿದು ನಾಲ್ಕು ವರ್ಷ.
ಅಂದಿನಿಂದ ಆ ಹಿಡಿಯೊಂದೇ ನಮ್ಮ ನಡುವಿನ ಭಾಷೆ.
ಈ ಸಲ ಮೆಟ್ಟಿಲ ಬುಡದಿಂದ ದನಿಯೂ ಬಂತು:
“ಯಾಸ್ನಾ! ರೋಸಿತಾ ದೋಣಿಗೆ ಅರವತ್ತೆರಡು ಕಿಲೋ ಅಂತೆ,
ನನಗ್ಯಾಕೆ ಹೇಳ್ತೀಯ?”

ಅವಳ ಫೋನಿನ ಹೆಸರೂ ‘ಮನೆ’ಯೇ.
ಏನೋ ಕೇಳಿತು, ಗ್ಯಾಸಿನವರಿರಬೇಕೆಂದು ಹೌದು ಅಂದಳಂತೆ.
ಗ್ಯಾಸಿನವರು, ಹನ್ನೊಂದೂವರೆಗೆ!

ಲ್ಯಾಪ್‌ಟಾಪ್ ಬಗಲಿಗೆ, ವೈರು ಕೊರಳಿಗೆ. ಇಳಿದೆ
ಹದಿನಾರು ಮೆಟ್ಟಿಲು.
ಅವಳ ಫೋನಿನ ಬಾಯಲ್ಲಿ ಉಪ್ಪಿಲ್ಲ,
ವೈರು ಗಬಕ್ಕನೆ ಕಚ್ಚಿತು.
ಪಟಗಳು ಇಳಿಯುವ ಹೊತ್ತಿಗೆ ತಲೆ ಎತ್ತಿದೆ.
ನನ್ನ ನೀರಿನ ಕಲೆ.
ಕೆಳಗಿನಿಂದ ನಾನದನ್ನು ನೋಡಿರಲೇ ಇಲ್ಲ.
ಅವಳು ಕೂಗಾಡಿದ್ದಕ್ಕಿಂತಲೂ ದೊಡ್ಡದಿತ್ತು,
ನೇರ ಅವಳ ದಿಂಬಿನ ಮೇಲೆ.

ಅವಳು ಅದರ ಮಾತೆತ್ತಲಿಲ್ಲ. ಚಹಾಕ್ಕೆ ನೀರಿಟ್ಟಳು.
ರೋಸಿತಾದವರ ತೂಕದಲ್ಲಿ ಮೋಸವಿದೆ, ನೋಡು, ಅಂದಳು.
ನಲವತ್ಮೂರನ್ನೂ ಓದಿ ಮುಗಿಸಿದ್ದಳು.
“ಒಂದೇ ಹೆಸರಿನ ಎರಡು ಮನೆ ಇದ್ದರೆ ಹೀಗೇ.
ನಿನ್ನದನ್ನು ಬದಲಿಸು, ನನ್ನದು ಮೊದಲಿನದು.”
ಬದಲಿಸಿದೆ: ‘ಸೋರುವ ಮನೆ.’
ಕನ್ನಡಕ ಏರಿಸಿ ಓದಿದಳು.
ಮೂಗಿನಲ್ಲೇ ನಕ್ಕಳು.

ನನ್ನ ಫೋನಿಗೂ ಲ್ಯಾಪ್‌ಟಾಪಿಗೂ ಇಂದಿಗೂ ಹೊಂದಿಲ್ಲ.
ಮುಂದಿನ ಸೋಮವಾರಕ್ಕೆ ಚೀಟಿಗಳು ಸೇರುತ್ತಿವೆ.
ವೈರನ್ನು ಅವಳ ಮೇಜಿನ ಮೇಲೆ ಮರೆತು ಬಂದಿದ್ದೇನೆ.
ಮರೆತೆ ಅನ್ನುವುದು
ಅಷ್ಟೇನೂ ನಿಜವಲ್ಲ.