ಕೊಂಬು

ಐಲಿ ಕೆತ್ತುನೆನ್ ಬಚ್ಚಲ ನೆಲದಲ್ಲಿ ಅಂಗಾತ ಮಲಗಿದ್ದಾಳೆ,
ಅರವತ್ತೊಂದರ ಬೆನ್ನಿಗೆ ಹಳೆಯ ಟವೆಲ್ಲು ಹಾಸಿ.
ಹೊರಗೆ ಮಿಷಿಗನ್ನಿನ ಫೆಬ್ರವರಿ,
ಅರ್ಧ ಕಿಟಕಿಯವರೆಗೆ ಹಿಮ.
ನೀರಿಗಿಳಿದ ಮೇಲೆ ಚಳಿಯೇನು ಅನ್ನುತ್ತೇವಲ್ಲ,
ಇವಳಿನ್ನೂ ನೀರು ನಿಲ್ಲಿಸಿದ್ದಾಳೆ, ಅಷ್ಟೆ.

ಹೊಸ ಸಿಂಕು ಪೆಟ್ಟಿಗೆಯಲ್ಲಿದೆ.
ಜೊತೆಗೆ ಬಂದ ಚಿತ್ರದಲ್ಲಿ ಎಲ್ಲವೂ ಸಲೀಸು:
ಸಿಂಕಿನ ಬಾಯಿಂದ ಹೊರಟ ಕೊಳವೆ
ಅವಳು ಕಂಡರಿಯದ ನಮ್ಮ ಅಕ್ಷರದ ಕೊಂಬಿನ ಹಾಗೆ
ಇಳಿದು, ಬಳುಕಿ, ಮತ್ತೆ ಮೇಲೆದ್ದು ಗೋಡೆ ಸೇರುತ್ತದೆ.
ಆ ಬಳುಕಿನಲ್ಲಿ ಒಂದು ಗುಟುಕು ನೀರು ಸದಾ ನಿಂತಿರಬೇಕು,
ಊರ ಮೋರಿಯ ಉಸಿರು ಮನೆಯೊಳಗೆ ಬಾರದಂತೆ.

ಇಲ್ಲಿ ಕೊಂಬೇ ಇಲ್ಲ.
ಸೀಸದ ಕೊಳವೆಯೊಂದು ನೆಟ್ಟಗೆ ನೆಲಕ್ಕಿಳಿದು
ಮಾಯ.
ಕೂಡಿಸಿದವನು ಯಾಲ್ಮರ್, ತಾಮ್ರದ ಗಣಿಯವನು,
ಮನೆ ಕಟ್ಟಿದ, ಸತ್ತ, ಏನೂ ಬರೆದಿಟ್ಟು ಹೋಗಲಿಲ್ಲ.
ಕುಡುಕ, ಎಂದಳು ಐಲಿ, ಅಜ್ಜಿಯಿಂದ ಕಲಿತ ಫಿನ್ನಿಷಿನಲ್ಲಿ.

ಹಾರ್ಡ್‌ವೇರ್ ಅಂಗಡಿಯ ಡ್ವೇನ್
ಫೋನಿನಲ್ಲಿದ್ದ ಫೋಟೋ ನೋಡಿ ತಲೆ ಕೆರೆದುಕೊಂಡ:
ಪ್ಲಂಬರನ್ನ ಕರಿಯಮ್ಮ.
ಪ್ಲಂಬರು ಬರೀ ಬಂದು ನೋಡಲಿಕ್ಕೇ
ನೂರಾ ನಲವತ್ತು ಡಾಲರು.
ನೋಡಲಿಕ್ಕೆ ನನಗೂ ಎರಡು ಕಣ್ಣಿವೆ, ಎಂದು ಬಂದುಬಿಟ್ಟಳು.

ಬೀಟ್‌ರೂಟ್ ಬೇಯಿಸಿದ ನೀರು ಒಲೆಯ ಮೇಲೆ ಉಳಿದಿತ್ತು.
ಕೊಳವೆಗೆ ಸುರಿದು ಕಿವಿಗೊಟ್ಟಳು.
ಗುಳುಗುಳು.
ಏನಿಲ್ಲ.
ಆಮೇಲೆ, ಆಚೆ, ಸ್ನಾನದ ತೊಟ್ಟಿಯ ತೂತಿನಿಂದ
ಕೆಂಪಗೆ, ನಾಚಿಕೊಂಡು, ಮೇಲೆ ಬಂತು.

ಓಹೋ, ಇವೆರಡೂ ಒಳಗೊಳಗೇ ನೆಂಟರು!

ತೊಟ್ಟಿಯ ಪಕ್ಕ ನೆಲದಲ್ಲೊಂದು ಹಿತ್ತಾಳೆಯ ಬಿಲ್ಲೆ.
ಚಂದಕ್ಕೆ ಹಾಕಿಸಿರಬೇಕು ಎಂದುಕೊಂಡು
ಹನ್ನೊಂದು ವರ್ಷ ಅದರ ಮೇಲೆ ಬಕೆಟ್ಟು ಇಟ್ಟಿದ್ದಾಳೆ.
ಇಪ್ಪತ್ತೆಂಟು ವರ್ಷ ಸ್ಕೂಲ್ ಬಸ್ಸು ತಿರುಗಿಸಿದ ತೋಳು
ಸ್ಪ್ಯಾನರಿನ ಮೇಲೆ ಮೈಭಾರವೆಲ್ಲ ಹೇರಿತು.
ಬಿಲ್ಲೆ ಕಿರುಚಿತು, ಬಿಟ್ಟುಕೊಟ್ಟಿತು.

ಕೆಳಗೆ ಸೀಸದ ಡಬ್ಬಿ, ಅದರ ತುಂಬ ನಿಂತ ನೀರು.
ಯಾಲ್ಮರ್ ಕೊಂಬು ಎಳೆದಿರಲಿಲ್ಲ, ಗಡಿಗೆ ಹೂತಿದ್ದ,
ಎರಡು ಬಾಯಿಗೂ ಒಂದೇ.
ಕೈಹಾಕಿದರೆ ಯಾರದೋ ಕೂದಲು, ಸಾಬೂನಿನ ಹೆಪ್ಪು,
ಮೂರು ಹಲ್ಲು.
ಎದೆ ಝಲ್ಲೆಂದಿತು.
ಬೆಳಕಿಗೆ ಹಿಡಿದಳು: ಬಾಚಣಿಗೆಯವು.

ಕುಡುಕನೇ. ಆದರೆ ಕೈ ನಡುಗಿರಲಿಲ್ಲ.

ಗಡಿಗೆಯಿರುವಲ್ಲಿ ಕೊಂಬೂ ಸೇರಿದರೆ
ನೀರಿಗೆ ಉಸಿರು ಕಟ್ಟುತ್ತದಂತೆ.
ಹಾಗಾಗಿ ನೆಟ್ಟಗೇ ಜೋಡಿಸಿದಳು,
ವಾಷರನ್ನು ಒಮ್ಮೆ ತಿರುವುಮುರುವಾಗಿ, ಮತ್ತೊಮ್ಮೆ ಸರಿಯಾಗಿ.
ನಲ್ಲಿ ಬಿಟ್ಟಳು. ಕೊಳವೆಗೆ ಒಣ ಕಾಗದ ಸುತ್ತಿ
ಕಾಫಿ ತಣ್ಣಗಾಗುವ ತನಕ ಕಾದಳು.
ಕಾಗದ ಒದ್ದೆಯಾಗಲಿಲ್ಲ.

ಆದರೂ ಕೆಳಗೊಂದು ಕಾಫಿ ಡಬ್ಬಿ ಇಟ್ಟಿದ್ದಾಳೆ.
ನಂಬಿಕೆ ಬೇರೆ, ಡಬ್ಬಿ ಬೇರೆ.

ಮಿಕ್ಕ ಕೊಂಬು ಕಿಟಕಿಯಲ್ಲಿದೆ,
ತನ್ನ ಅಕ್ಷರ ಯಾವುದೆಂದು ತಿಳಿಯದೆ,
ಹಿಮದ ಬೆಳಕಿಗೆ ಹೊಳೆಯುತ್ತಾ.