ಬಳ್ಳಾರಿ ಕುದುರಿ

ಸೂಪರ್ ಮಾರ್ಕೆಟ್ಟಿನ ಮೂರನೇ ಗಲ್ಲಿ, ಫ್ಯಾನು ತಿರಗಿದ್ರೂ ಬೆವರು.
ಗಾಜಿನ ಕೆಳಗ ಸಾಲಾಗಿ ಮಲಗಿದ ಫೋನುಗಳ ಮ್ಯಾಲ
ನಮ್ಮಕ್ಕ ಜಗದೇವಿ ಬಗ್ಗಿ ನಿಂತಾಳ.
ತೊಗರಿಯೊಳಗಿನ ಹರಳು ಹೆಕ್ಕಿದ ಕಣ್ಣು ಅದು,
ಅವಸರ ಮಾಡಂಗಿಲ್ಲ.

ಕಪನೂರಿನ ದಾಲ್ ಮಿಲ್ಲಿನಾಗ ಇಪ್ಪತ್ತಾರು ವರ್ಷ.
ಮೊದಲು ಗುಬ್ಬಿ ಹೋದವು.
ಆಮ್ಯಾಲ ಕುಕ್ಕರಿನ ಸೀಟಿ.
ಆಮ್ಯಾಲ ಮಾತಿನೊಳಗಿನ ಸ, ಮಾತಿನೊಳಗಿನ ತ,
ಬ್ಯಾಳಿ ಸೋರಿಹೋಗಿ ಮರದಾಗ ಬರೇ ಹೊಟ್ಟು ಉಳದಂಗ
ನಾವು ಆಡಿದ್ದು ಆಕಿಗಿ ಮುಟ್ಟತಿತ್ತು.

"ಅಮ್ಮಾ, ಇದು ಫುಲ್ ಸೌಂಡ್!" ಅಂತ ಒದರಿದ ಮುಜಮ್ಮಿಲ್,
ಎದುರಿನ ಬಳಿ ಅಂಗಡಿಯವ್ರೂ ಹೊಳ್ಳಿ ನೋಡಿದ್ರು.
"ಜೋರು ಬ್ಯಾಡೋ ತಮ್ಮಾ," ಅಂದಳು ಅಕ್ಕ,
"ಜೋರು ನಂಗ ಮಿಲ್ಲೇ ಕೊಟ್ಟದ.
ಮೊದಲು ಬಾಯಾಗಿನ ಗುಟ್ಕಾ ಉಗುಳಿ ಬಾ.
ನಿನ್ನ ತುಟಿ ನಂಗ ಕಾಣಬೇಕು."

ಹುಡುಗ ನಾಚಿ ಮೋರಿಗಿ ಹೋಗಿ ಬಂದ.
ಬಂದವನು ಆಕಿ ಮುಖಕ್ಕ ಮುಖ ಕೊಟ್ಟು ನಿಂತ,
ಒಂದೊಂದೇ ಮಾತು, ಬೆಲಿ ಸೈತ ಬೆರಳಿನಾಗ.

ಸರಕಾರಿ ದವಾಖಾನಿಯವ್ರು ಕೊಟ್ಟ ಕಿವಿ ಮಷೀನು
ಮೊದಲನೇ ಫೋನು ಹತ್ರ ತಂದ ಕೂಡ್ಲೆ ಕುಂಯ್ ಅಂತು.
ಎರಡನೇದಕ್ಕೂ ಕುಂಯ್.
ಕಿವಿ ಬಿಟ್ಟು ಜರಾ ಮ್ಯಾಲ, ಮಷೀನಿನ ಬೆನ್ನಿಗಿ ಹಿಡೀರಿ ಅಂದ ಮುಜಮ್ಮಿಲ್.
ಅವನ ಕಾಕಾನೂ ಹಂಗೇ ಹಿಡೀತಾನಂತ.
ಇಷ್ಟೊತ್ತು ಹೇಳಿರಲಿಲ್ಲ ನೋಡ್ರಿ!

ದೊಡ್ಡ ಗುಂಡಿಯದು ತಂದ, ಹಿಂದ ಕೆಂಪು ಬಟನ್ನು.
"ಇದು ಮುದುಕೇರಿಗಿ. ನಂಗ ಐವತ್ತೊಂದು."
ಸರಿಸಿದಳು.

ಆಮ್ಯಾಲ ಸೊಂಟದ ಚಂಚಿ ಬಿಚ್ಚಿ
ಅಡಕಿ, ಸುಣ್ಣದ ಡಬ್ಬಿ, ಬಸ್ಸಿನ ಚೀಟಿ ನಡುವ
ಒಂದೊಂದೇ ಫೋನು ಇಟ್ಟು, "ಹಚ್ಚು" ಅಂದಳು ನಂಗ.
ನಾ ಹಚ್ಚಿದೆ. ಆಕಿ ಕಣ್ಣು ಮುಚ್ಚಿದಳು.
"ಇದು ನೊಣ."
"ಇದು ಸತ್ತದ."
"ಹಾಂ, ಇದು ಬೆಲ್ಟು. ಬರೋಬ್ಬರಿ ತಿರಗ್ಲತ್ತದ."
ಮಿಲ್ಲಿನಾಗ ಬೆಲ್ಟು ಜಾರೂದು
ಮಿಸ್ತ್ರಿಗಿಂತ ಮೊದಲು ಆಕಿ ಅಂಗಾಲಿಗಿ ತಿಳೀತಿತ್ತು.
ಅದರ ಬೆಲಿ ಮಾತ್ರ ಹದಿನೆಂಟು ಸಾವಿರ.
ಚಂಚಿಯಿಂದ ಮೆಲ್ಲಕ ತಗದು, ಸೆರಗಲೆ ಒರಸಿ
ಗಾಜಿನ ಮ್ಯಾಲಿಟ್ಟಳು.

ಕಡೀಕ ಅವ ಒಂದು ಸಾದಾ ಫೋನು ತಗದ,
ಆಡಿದ ಮಾತು ಕನ್ನಡದಾಗ ಬರದು ತೋರಸ್ತದಂತ.
ಮೂರನೇ ಇಯತ್ತೆಗಿ ಸಾಲಿ ಬಿಟ್ಟ ಅಕ್ಕ
ಬಸ್ಸಿನ ಬೋರ್ಡಿನಿಂದ ಓದು ಉಳಿಸ್ಕೊಂಡಾಕಿ.
ನಾ ಪರದೆಗಿ ಬಗ್ಗಿ ಕೇಳಿದೆ:
"ಯಕ್ಕಾ, ಬ್ಯಾಳಿ ಕುದ್ದಾವ?"
ಫೋನು ತಡದು, ವಿಚಾರ ಮಾಡಿ ಬರೀತು:
ಏಕೆ ಬಳ್ಳಾರಿ ಕುದುರೆ

ಅಕ್ಕ ಓದಿದಳು. ಬೆರಳಿಟ್ಟು ಇನ್ನೊಮ್ಮೆ ಓದಿದಳು.
ಆಮ್ಯಾಲ ನಕ್ಕಳು ನೋಡ್ರಿ,
ಮಷೀನು ಕಿವಿಯಿಂದ ಜಾರಿ ಕೊಳ್ಳಾಗಿನ ಗುಂಡಿನ ಸರಕ್ಕ ಸಿಕ್ಕಿಬಿತ್ತು.
"ಇದಕ್ಕೂ ನನ್ನಂಗೇ ಕೇಳಸ್ತದ!
ಪಾಪ, ಇಷ್ಟಿಷ್ಟೇ ಹೆಕ್ಕಿ ಇಷ್ಟುದ್ದ ಕಟ್ಟತದ.
ಇದೇ ಕೊಡು."

ನಾ ಬ್ಯಾಡ ಅಂದೆ. ತಪ್ಪು ಬರೀತದಲ್ಲ ಅಂದೆ.
"ನೀವೆಲ್ಲ ಸರೀ ಕೇಳಸ್ಕೊಂಡು ಏನು ಕಡದೀರಿ?"
ದೀಪಾವಳಿ ಬೋನಸ್ಸು ಆಕಿದು, ಮ್ಯಾಲಿನ ಒಂದೂವರೆ ನಂದು.
ಗಾಜು ಮುಜಮ್ಮಿಲ್ ಪುಕ್ಕಟೆ ಅಂಟಿಸಿದ,
ಒಂದು ಗುಳ್ಳಿ ಉಳೀತು.

ಶಹಾಬಾದಿಗಿ ನಾ ಮನಿಗಿ ಬರೂದ್ರಾಗ ಕತ್ತಲಾಗಿತ್ತು.
ಎಂಟೂವರಿಗಿ ಆಕಿದೇ ವಿಡಿಯೋ.
ಉರಿ, ಗಡಗಿ, ಗಡಗಿ ಮ್ಯಾಲಿನ ಆವಿ,
ಆವಿ ಸರದು ಅಕ್ಕನ ಅರ್ಧ ಮುಖ.
ಏನೋ ಹೇಳ್ಲತ್ತಿದ್ದಳು.
ಅಷ್ಟರಾಗ ನೆಟ್ವರ್ಕ್ ಹೋಗಿ ಧ್ವನಿ ನಿಂತು
ಚಿತ್ರ ಅಲ್ಲೇ ಕಲ್ಲಾತು, ತುಟಿ ದುಂಡಗ, ಮುಂದ ಚಾಚಿ.

ಕಿವಿ ನೆಟ್ಟಗಿದ್ದಾಕಿ ನಾ
ಫೋನು ಮೂಗಿಗಿ ಹಿಡಕೊಂಡು ನೋಡೇ ನೋಡಿದೆ.
ಕು ಅಂದದ್ದು ಖರೇ.
ಮುಂದ ಕುದ್ದಾವೋ,
ಕುದುರಿಯೋ.