ಹತ್ತರ ನೋಟು

ಈ ವರ್ಷ ಫೆಬ್ರವರಿಗೇ ಕ್ವಾರಿಯ ತಳ ಕಂಡಿತು.
ಗಾಡಿಕೊಪ್ಪದಾಚೆ, ನಾವು ಹಾರುವ ಬಂಡೆಯ ಕೆಳಗೆ
ಈಗ ಒಂದು ಎಮ್ಮೆ, ಎರಡು ಟೈರು,
ಯಾರದೋ ಹರಕೆಯ ತೆಂಗಿನಕಾಯಿ.
ಹೋದ ಸಲ ಬಳಿದ ಬಿಳಿ ಗೆರೆಗೂ ನೀರಿಗೂ ನಡುವೆ
ಇಪ್ಪತ್ತು ಅಡಿ ಬರೀ ಗಾಳಿ.

"ನೀರು ಬರೋತನಕ ನೆಲದ ಮೇಲೆ ಬೀಳು"
ಎಂದರು ಹಾಲೇಶಪ್ಪ.

ಅವರ ಮುಖಕ್ಕಿಂತ ಮೊದಲು ನಾನು ಕಂಡದ್ದು ಅವರ ಹಿಮ್ಮಡಿ.
ಮೆಗ್ಗಾನ್ ಆಸ್ಪತ್ರೆಯ ಎಕ್ಸ್‌ರೇ ಕೋಣೆ, ಕಪ್ಪು ಫಿಲ್ಮಿನ ಮೇಲೆ
ಚಹಾಕ್ಕೆ ಅದ್ದುವ ಮೊದಲೇ ಕೈತಪ್ಪಿ ಬಿದ್ದ ರಸ್ಕಿನ ಹಾಗೆ
ನಾಲ್ಕು ಚೂರು.
ಹರೆಯದಲ್ಲಿ ಪೈಲ್ವಾನ್, ಆಮೇಲೆ ಲೈನ್‌ಮನ್,
ಈಗ ಕಂಬದಿಂದ ಬಿದ್ದವರು.
"ಬೀಳುವಾಗ ಕಾಲು ಅಗಲ ಇತ್ತಮ್ಮ, ಅದೇ ತಪ್ಪಾಗಿದ್ದು."
ಕರೆಂಟಿನ ಬಗ್ಗೆ ಒಂದು ಮಾತೂ ಇಲ್ಲ.
ಕವರಿಗೆ ಫಿಲ್ಮು ತುರುಕುತ್ತಾ ಕೇಳಿಬಿಟ್ಟೆ:
ಬೀಳೋದು ಕಲಿಸ್ತೀರಾ?

ಸೀಗೆಹಟ್ಟಿಯ ಗರಡಿ.
ಒಳಗಿನ ಕೆಮ್ಮಣ್ಣಿಗೆ ಹೆಂಗಸರು ಇಳಿಯುವಂತಿಲ್ಲ.
ಅವರು ವಾದಕ್ಕೆ ಹೋಗಲಿಲ್ಲ. ಕುಂಟುತ್ತಲೇ ಹಾರೆ ಹಿಡಿದು
ಹಿತ್ತಲಲ್ಲಿ ಏಳಡಿ ಅಖಾಡ ತೋಡಿದರು.
ನಾಲ್ಕು ಬುಟ್ಟಿ ಮಣ್ಣು ಒಳಗಿಂದ ಕದ್ದರೋ ಕೇಳಿ ತಂದರೋ
ನನಗೆ ತಿಳಿಯದು.
ಅರಿಶಿನ, ಎಣ್ಣೆ, ಹಳೇ ಬೆವರು: ವಾಸನೆ ಮಾತ್ರ ಅದೇ.

ಬೆಳಗಿನ ಐದೂಕಾಲು.
ಗೋಡೆಗೆ ಹಿಮ್ಮಡಿ ಆನಿಸಿ ತಲೆಕೆಳಗು ನಿಲ್ಲು.
ಮಣಿಕಟ್ಟು ಉರಿದರೆ ಉರಿಯಲಿ, ಭುಜ ಕಿವಿ ಮುಟ್ಟಲಿ.
ಸೈಕಲ್ಲಿನ ಹಳೇ ಟ್ಯೂಬು ಅಂಗಾಲಿಗೆ ಸುತ್ತಿ
ಬೆರಳ ತುದಿಯಿಂದ ತಳ್ಳು, ಅದು ಎಳೆಯಲಿ, ಮತ್ತೆ ತಳ್ಳು.
ಬೆನ್ನು ನೆಲಕ್ಕೆ, ಕೈಕಾಲು ಮೇಲಕ್ಕೆ, ಇದು ತೆಪ್ಪ.
"ತೆಪ್ಪ ಅಂದ್ರೆ ತೆಪ್ಪ ಫ್ಲೇವಿ,
ನೀನು ಮಂಚದ ಮೇಲೆ ಮಲಗಿದ್ದೀಯ."
ಅವರ ಎಣಿಕೆಯೇ ಬೇರೆ. ಮೂವತ್ತೆಂಟು ಆದಮೇಲೆ
ಮತ್ತೆ ಮೂವತ್ತೊಂದು.

ಸೊಂಟ ಮಾತ್ರ ಒಪ್ಪುವುದಿಲ್ಲ.
ಎರಡು ಇಟ್ಟಿಗೆಯ ಮೇಲೆ ಹಿಂದೊಂದು ಮುಂದೊಂದು ಕಾಲು ಚಾಚಿ
ಹದಿನೈದು ದಿನಕ್ಕೆ ಒಂದು ಬೆರಳಗಲ ಇಳಿಯುತ್ತೇನೆ.
ಚಾಚಬೇಕು, ಹರಿಯಬಾರದು.
ನಡುವಿನ ಆ ಗೆರೆಯನ್ನು ನನ್ನ ಯಂತ್ರ ತೋರಿಸುವುದಿಲ್ಲ,
ಅದು ಬರೀ ಮೂಳೆ ನೋಡುತ್ತದೆ.

ಸಂಜೆ ತೊಡೆಗೆ ಎಣ್ಣೆ ತಿಕ್ಕುತ್ತಾ ಮಾಯ್ ಕೇಳಿದಳು,
ಮೇಲಿಂದ ಕೆಳಗೆ ಬರೋಕೆ ಎಷ್ಟು ಹೊತ್ತು?
ಎರಡು ಸೆಕೆಂಡು.
ಎರಡು ಸೆಕೆಂಡಿಗೆ ಇಷ್ಟು ಎಣ್ಣೆಯಾ!

ಕೊನೆಗೆ ನೋಟು.
ನಾಲ್ಕಡಿ ಕಟ್ಟೆಯಿಂದ ಮಣ್ಣಿಗೆ ಹಾರಬೇಕು,
ಎರಡು ಕಾಲ್ಗಿಣ್ಣಿನ ನಡುವೆ ಮಡಿಸದ ಹತ್ತರ ನೋಟು.
ಬಿದ್ದರೆ ಅವರದು. ಉಳಿದರೆ ನನ್ನದು.
"ಅಷ್ಟೆತ್ತರದಿಂದ ಬಂದವರಿಗೆ ನೀರು ಬಾಗಿಲು ತೆಗೆಯೋದಿಲ್ಲ,
ಸಂದಿಯಲ್ಲೇ ತೂರಬೇಕು."
ಮಾರ್ಚಿ ತಿಂಗಳ ಅವರ ಬೀಡಿ ಪೂರ್ತಿ ನನ್ನ ಖರ್ಚು.
ಏಪ್ರಿಲ್ ಕೊನೆಗೆ ಒಂದು ದಿನ
ಹನ್ನೊಂದು ಸಲ ಹಾರಿದರೂ ನೋಟು ಬೀಳಲಿಲ್ಲ.
ಅವರು ಹೊಗಳಲಿಲ್ಲ. ನೋಟಿನ ಮಣ್ಣು ಕೊಡವಿ ನನ್ನ ಕೈಗಿಟ್ಟು
ಕಟ್ಟೆಯ ಮೇಲೆ ಇನ್ನೊಂದು ಸಾಲು ಕಲ್ಲು ಜೋಡಿಸಿದರು.

ಇವತ್ತು ಹತ್ತೂವರೆಗೆ ಹೊಳೆಹೊನ್ನೂರಿನ ಒಬ್ಬ ಹುಡುಗ,
ಎದೆಯ ಎಕ್ಸ್‌ರೇ.
ತಣ್ಣನೆ ಹಲಗೆಗೆ ಬರಿಮೈ ಒತ್ತಿ ನಡುಗುತ್ತಿದ್ದ.
ಸೀಸದ ಗೋಡೆಯ ಹಿಂದೆ ನಿಂತು
ದಿನಕ್ಕೆ ಎಂಬತ್ತು ಸಲ ಹೇಳುವುದನ್ನೇ ಹೇಳಿದೆ:
ಉಸಿರು ಎಳ್ಕೋ. ಹಿಡ್ಕೋ. ಅಲ್ಲಾಡಬೇಡ.
ಗುಂಡಿ ಒತ್ತುವಾಗ ಕೆಳಗೆ ನೋಡಿಕೊಂಡೆ.
ನನ್ನ ಕಾಲ್ಗಿಣ್ಣೆರಡೂ ಚಪ್ಪಲಿಯ ಮೇಲೆ
ಒಂದನ್ನೊಂದು ಕಚ್ಚಿ ಹಿಡಿದಿದ್ದವು, ಇಲ್ಲದ ನೋಟನ್ನು.

"ಅಕ್ಕಾ," ಹುಡುಗನ ದನಿ, ಗಂಟಲಲ್ಲೇ,
"ಬಿಡ್ಲಾ?"